ನಾಲ್ಕು ಬೆರಳಾಚೆ ಕಿವುಡು

ನನ್ನ ಕೆಲಸ ಹೆಣ್ಣುಮಕ್ಕಳ ಮೈಮೇಲೆ ಕೋಲು ಆಡಿಸುವುದು. ಹೊಡೆಯುವ ಕೋಲಲ್ಲ, ಕೂಗುವ ಕೋಲು. ಮೆಟಲ್ ಡಿಟೆಕ್ಟರ್ ಅಂತ ಅದರ ಹೆಸರು. ರಾಯಚೂರಿನ ಒಂದು ದೊಡ್ಡ ಕಚೇರಿಯ ಬಾಗಿಲಲ್ಲಿ ಹೆಂಗಸರ ಸಾಲಿಗೆ ನಾನು ಕಾವಲು. ಪರೀಕ್ಷೆಗಳಿದ್ದಾಗ ಕಾಲೇಜುಗಳಿಗೂ ಕಳಿಸುತ್ತಾರೆ. ಐದು ವರ್ಷದಲ್ಲಿ ಈ ಕೋಲು ನನಗೆ ಕಲಿಸಿದ್ದು ಒಂದೇ ಮಾತು: ಏನೂ ಬಚ್ಚಿಡದ ಮನುಷ್ಯರು ಇನ್ನೂ ಹುಟ್ಟಿಲ್ಲ. ಒಬ್ಬಳ ಉಡಿಯಲ್ಲಿ ಅಡಕೊತ್ತು, ಇನ್ನೊಬ್ಬಳ ಸೆರಗಿನ ಗಂಟಿನಲ್ಲಿ ಸೊಸೆಗೆ ಕೊಡದ ಕೀಲಿಗೊಂಚಲು. ಒಮ್ಮೆ ಒಬ್ಬ ಅಜ್ಜಿಯ ಸೊಂಟದಿಂದ ಇಡೀ ಒಂದು ಸ್ಟೀಲ್ ಲೋಟ ಹೊರಬಂತು. ಕಚೇರಿಯವರ ಲೋಟದಲ್ಲಿ ನೀರು ಕುಡಿಯಲು ಆಕೆಗೆ ಮನಸ್ಸಿಲ್ಲವಂತೆ.

ನಮ್ಮ ಸೂಪರ್‌ವೈಸರ್ ದಸ್ತಗೀರ್ ಸಾಬ್ ಮೊದಲ ದಿನವೇ ಹೇಳಿದ್ದರು. "ಬೇಟಿ ಮೌನೇಶ್ವರಿ, ಈ ಕೋಲಿಗೆ ನಾಲ್ಕು ಬೆರಳಿನಷ್ಟು ದೂರ ಕೇಳ್ತದ. ಅದರಾಚಿ ಕಿವುಡು. ನಾಚಿಕೊಂಡು ದೂರ ಹಿಡದ್ರ ಮುಗೀತು, ಒಳಗ ಚೂರಿ ಇದ್ರೂ ಸುಮ್ನಿರ್ತದ."

ಆ ಮಾತು ನೆನಪಿರಲಿ. ನಾನು ಒಂದು ದಿನ ಅದನ್ನು ಮರೆತೆ. ಮರೆತದ್ದು ನಮ್ಮವ್ವನ ಪಾಲಿಗೆ ಎಲ್ಲಕ್ಕಿಂತ ಬೇಕಾಗಿದ್ದ ದಿನ.

ನಮ್ಮವ್ವ ಕರೆಮ್ಮ ಮಾನ್ವಿಯಲ್ಲಿ ರೈಸ್‌ಮಿಲ್ ಶಿವರಾಜ ಸಾವ್ಕಾರರ ಮನೆಯಲ್ಲಿ ಮುಸುರೆ ತಿಕ್ಕಿ, ಕಸ ಹೊಡೆಯುತ್ತಾಳೆ. ಹನ್ನೊಂದು ವರ್ಷದಿಂದ ಹಿತ್ತಲ ಬಾಗಿಲಲ್ಲಿ ಹೋಗಿ ಹಿತ್ತಲ ಬಾಗಿಲಲ್ಲಿ ಬರುತ್ತಾಳೆ. ಸಾವ್ಕಾರರು ಕಳೆದ ವರ್ಷ ಹೊಸ ಮನೆ ಕಟ್ಟಿಸಿದರು. ಮನೆ ಹೊಸದಾಯಿತು, ಅವ್ವನ ಬಾಗಿಲು ಮಾತ್ರ ಹಿತ್ತಲಿನದ್ದೇ ಉಳಿಯಿತು.

ಯುಗಾದಿ ಹತ್ತಿರ ಬಂದಾಗ ಸಾವ್ಕಾರರ ತಾಯಿ ಶರಣಮ್ಮ ಊರವರ ಜೊತೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಳು. ಫೋನು ಒಯ್ಯಲಿಲ್ಲ. "ಮಲ್ಲಯ್ಯನ್ನ ನೋಡಾಕ ಹೋಗೋಳಿಗೆ ಮಂದಿ ಜೋಡಿ ಏನ್ ಮಾತು?" ಅಂದಳಂತೆ. ಆಕೆ ಹೋದ ಎಂಟನೇ ದಿನ ಸೊಸೆ ವಿಜಯಲಕ್ಷ್ಮಿ ಅತ್ತೆಯ ಪೆಟ್ಟಿಗೆ ತೆರೆದಳು. ಯಾಕೆ ತೆರೆದಳು ಅಂತ ಯಾರೂ ಕೇಳಲಿಲ್ಲ. ಬಸವನ ಮುದ್ರೆಯ ಬಂಗಾರದ ಉಂಗುರ ಅದರಲ್ಲಿರಲಿಲ್ಲ. ಆ ಖೋಲಿಯಲ್ಲಿ ಕಸ ಹೊಡೆಯುವವಳು ನಮ್ಮವ್ವ ಒಬ್ಬಳೇ. ಇನ್ನೇನು ಬೇಕು?

ಸಾವ್ಕಾರರು ಪೊಲೀಸರಿಗೆ ಹೇಳಲಿಲ್ಲ, ಅದಕ್ಕಿಂತ ಕೆಟ್ಟದ್ದು ಹೇಳಿದರು. ಸೋಮವಾರ ಈರಣ್ಣನ ಗುಡಿ ಮುಂದೆ ಅಂಗೈ ಮೇಲೆ ಕರ್ಪೂರ ಹಚ್ಚಿ, ಆರಿಸಿ, ಕದ್ದಿಲ್ಲ ಅಂತ ಆಣೆ ಮಾಡಬೇಕು. ಅವ್ವ ನನಗೆ ಫೋನು ಮಾಡಿ ಅತ್ತಳು. "ಆಣಿ ಮಾಡಾಕ ನನಗೇನ್ ಅಂಜಿಕಿಲ್ಲ ಮೌನೇಶಿ. ಆದ್ರ ಗುಡಿಗೆ ಹೋದ್ನೆಂದ್ರ ಊರ ಮಂದಿ ಏನಂತಾರ? ಕದ್ದಿದ್ಲು, ಅದಕ್ಕ ಆಣಿ ಮಾಡ್ಸಿದ್ರು ಅಂತಾರ. ಅಮರಮ್ಮಗ ಹಂಗೇ ಆಯ್ತು."

ಅಮರಮ್ಮ ಅವ್ವನ ಗೆಳತಿ, ಅದೇ ಮನೆಯಲ್ಲಿ ಅಡುಗೆಗೆ ಇದ್ದವಳು. ಹೋದ ದಸರೆಯಲ್ಲಿ ಬೆಳ್ಳಿಯ ಕುಂಕುಮದ ಭರಣಿ ಕಾಣೆಯಾದಾಗ ಅವಳಿಂದ ಇದೇ ರೀತಿ ಆಣೆ ಮಾಡಿಸಿ ಕೆಲಸ ಬಿಡಿಸಿದರು. ಆಮೇಲೆ ಮಾನ್ವಿಯಲ್ಲಿ ಯಾರೂ ಅವಳನ್ನು ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ಈಗ ಕುರ್ಡಿ ಕಡೆಯ ಹೊಲಗಳಿಗೆ ಹತ್ತಿ ಬಿಡಿಸಲು ಹೋಗುತ್ತಾಳೆ.

ನನಗೆ ಸಿಟ್ಟು ನೆತ್ತಿಗೇರಿತು. ದಸ್ತಗೀರ್ ಸಾಬರ ಮುಂದೆ ನಿಂತು, "ಸಾಬ್, ರವಿವಾರ ಒಂದು ದಿನ ಕೋಲು ಕೊಡ್ರಿ" ಅಂದೆ. ಅವರು ಎಲ್ಲಾ ಕೇಳಿಸಿಕೊಂಡರು. "ಸೋಮವಾರ ಎಂಟಕ್ಕ ಇದು ನನ್ನ ಟೇಬಲ್ ಮ್ಯಾಲ ಇರಬೇಕು. ನಾನು ಕೊಟ್ಟಿಲ್ಲ, ನೀನು ಒಯ್ದಿಲ್ಲ" ಅಂದು ಕೋಲನ್ನು ತಾವೇ ನನ್ನ ಬುತ್ತಿ ಚೀಲದಲ್ಲಿ ಇಟ್ಟರು. ಹೀಗೆ ಬಚ್ಚಿಟ್ಟದ್ದನ್ನು ಹುಡುಕುವ ಕೋಲು ತಾನೇ ಎರಡು ಜೋಳದ ರೊಟ್ಟಿಯ ಕೆಳಗೆ ಬಚ್ಚಿಟ್ಟುಕೊಂಡು ಕಲ್ಲೂರು ದಾಟಿ ಮಾನ್ವಿಗೆ ಬಂತು.

ರವಿವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡೇ ಹೋದೆ. ಸೀರೆಯಲ್ಲಿ ಹೋದರೆ ಕರೆಮ್ಮನ ಮಗಳು, ಖಾಕಿಯಲ್ಲಿ ಹೋದರೆ 'ಬರ್ರಿ ಮೇಡಂ'. ಇದೂ ಐದು ವರ್ಷದಲ್ಲಿ ಕಲಿತದ್ದೇ. ಅವ್ವನ ಜೊತೆ ಇದ್ದುದರಿಂದ ಹಿತ್ತಲಿನಿಂದಲೇ ಒಳಗೆ ಹೋದೆ.

"ಗುಡಿಗೆ ಹೋಗೂಕಿಂತ ಮೊದಲ ಮನಿ ಒಂದ್ಸಲ ಹುಡುಕೋಣ್ರಿ ಸಾವ್ಕಾರ್ರ. ಮಷಿನ್ ಸುಳ್ಳು ಹೇಳಂಗಿಲ್ಲ" ಅಂದೆ.

ಶಿವರಾಜ ಸಾವ್ಕಾರರಿಗೆ ಮಷಿನ್ ಅಂದರೆ ಪ್ರಾಣ. ಕೋಲನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಬ್ಯಾಟರಿ ಎಷ್ಟು ದಿನ ಬರುತ್ತದೆ ಅಂತೆಲ್ಲಾ ಕೇಳಿದರು. ವಿಜಯಲಕ್ಷ್ಮಿ ಅಕ್ಕೋರಿಗೆ ಮನಸ್ಸಿರಲಿಲ್ಲ. "ಮೊದಲ ನಿಮ್ಮವ್ವನ ಮೈಮ್ಯಾಲ ಆಡಸು" ಅಂದರು. ಅವ್ವ ಎರಡೂ ಕೈ ಅಗಲಿಸಿ ನಿಂತಳು. ಕಾಲುಂಗುರಕ್ಕೆ ಕೂಗಿತು, ಸೊಂಟದಲ್ಲಿದ್ದ ನಮ್ಮ ಮನೆ ಕೀಲಿಗೆ ಕೂಗಿತು, ಸುಮ್ಮನಾಯಿತು. ಸಾವಿರಾರು ಹೆಂಗಸರ ಮೈಮೇಲೆ ಆಡಿಸಿದ ಕೋಲನ್ನು ಆವತ್ತು ಹೆತ್ತವ್ವನ ಮೈಮೇಲೆ ಆಡಿಸಿದೆ. ಅದನ್ನು ನಾನು ಇನ್ನೂ ಮರೆತಿಲ್ಲ.

ಆಮೇಲೆ ಮನೆಯ ಮೈಮೇಲೆ ಆಡಿಸಲು ಶುರುಮಾಡಿದೆ.

ಮಲಗುವ ಖೋಲಿಯ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಕೋಲು ಕಿರುಚಿತು. "ಅಲ್ಲಿ ಏನಿಲ್ಲ, ಅಲ್ಲಿ ಏನಿಲ್ಲ" ಅನ್ನುತ್ತಾ ಅಕ್ಕೋರು ಅಡ್ಡ ಬಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಸಾವ್ಕಾರರೇ ಕೈ ಹಾಕಿ ತೆಗೆದರು. ಒಂದು ಸ್ಟೀಲ್ ಡಬ್ಬಿ, ತುಂಬ ಬೇಸನ್ ಉಂಡೆ. ಅಕ್ಕೋರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಸಿಹಿ ಮಾಡಬಾರದು ಅಂತ ಸಾವ್ಕಾರರ ಹುಕುಂ ಇತ್ತು.

"ದೇವದುರ್ಗದಿಂದ ನಮ್ಮವ್ವ ಕಳಿಸಿದ್ಲು. ತವರುಮನಿ ಉಂಡಿ ಚೆಲ್ಲಾಕ ಬರ್ತದೇನು?" ಅಂದರು ಅಕ್ಕೋರು.

"ಸೀರಿಗೆ ಉಣಸಾಕತ್ತಿದ್ದೇನು?" ಅಂದರು ಸಾವ್ಕಾರರು. ಭಾರಿ ಖುಷಿಯಲ್ಲಿದ್ದರು. ಆ ಖುಷಿ ದೇವರ ಖೋಲಿಯ ತನಕ ಇತ್ತು.

ದೇವರ ಖೋಲಿಯ ಬಾಗಿಲಲ್ಲಿ ಅಕ್ಕೋರು ನನ್ನನ್ನು ತಡೆದರು. "ಇಲ್ಲಿ ನೀ ಬ್ಯಾಡ. ಕೋಲು ಕೊಡು, ನಾನೇ ಆಡಸ್ತೀನಿ." ಯಾಕೆ ಬ್ಯಾಡ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಕೊಟ್ಟೆ. ಅಕ್ಕೋರು ಸೌಟು ಹಿಡಿದ ಹಾಗೆ ಎರಡೂ ಕೈಯಲ್ಲಿ ಕೋಲಿನ ನಡುವಿಗೇ ಹಿಡಿದರು. ಎರಡೂ ಕೈ ತುಂಬ ಬಂಗಾರದ ಬಳೆ. ಕೋಲು ಕೂಗಲು ಶುರುಮಾಡಿದ್ದು ನಿಲ್ಲಲೇ ಇಲ್ಲ. ಗಣಪತಿಗೂ ಕೂಗಿತು, ಗೋಡೆಗೂ ಕೂಗಿತು, ಬರಿ ಗಾಳಿಗೂ ಕೂಗಿತು.

"ಬಳಿ ತೆಗದಿಡ್ರಿ ಅಕ್ಕೋರ" ಅಂದೆ, ಬಹಳ ಸಭ್ಯಳಾಗಿ.

"ಮುತ್ತೈದಿ ಬಳಿ ತೆಗೀತಾರೇನಬೇ!"

"ಹಂಗಾದ್ರ ನಾನು ಬರ್ಲೇನ್ರಿ?"

ಸಾವ್ಕಾರರು ತಲೆ ಕೆರೆದುಕೊಂಡು, "ಬರ್ಲಿ ಬಿಡು, ಮಷಿನ್ ನಡಸೋರೇ ನಡಸ್ಬೇಕು" ಅಂದರು. ಪಾಪ, ಹಾಗನ್ನಬಾರದಿತ್ತು. ಶ್ರೀಶೈಲ ಮಲ್ಲಯ್ಯನ ದೊಡ್ಡ ಫೋಟೋದ ಹಿಂದೆ ಕೋಲು ಕೂಗಿತು. ಫೋಟೋ ಸರಿಸಿದೆ. ಜರ್ದಾ ಡಬ್ಬಿ. ಎರಡು ವರ್ಷದ ಹಿಂದೆ ಮಠದ ಅಜ್ಜಾರ ಪಾದ ಮುಟ್ಟಿ ತಂಬಾಕು ಬಿಟ್ಟೆ ಅಂತ ಆಣೆ ಮಾಡಿದವರು ಇದೇ ಸಾವ್ಕಾರರು. ಮಾನ್ವಿಗೆಲ್ಲಾ ಪೇಢೆ ಹಂಚಿದ್ದರು. ಅಕ್ಕೋರು ಡಬ್ಬಿಯನ್ನೂ ಗಂಡನ ಮುಖವನ್ನೂ ನಿಧಾನವಾಗಿ ನೋಡಿದರು. "ಮಲ್ಲಯ್ಯ ತಿಂತಾನೇನ್ರಿ ಜರ್ದಾ?" ಅಂದರು. ಉಂಡೆಯ ಲೆಕ್ಕ ಚುಕ್ತಾ ಆಯಿತು. ನಾನು ಕೆನ್ನೆಯ ಒಳಗೇ ನಕ್ಕೆ.

ನಗು ನಿಂತದ್ದು ಪಡಸಾಲೆಯಲ್ಲಿ. ದೊಡ್ಡ ಸೋಫಾದ ಸಂದಿಯಲ್ಲಿ ಕೋಲು ಕೂಗಿತು. ಅವ್ವ ಕೈ ತೂರಿಸಿ ಎಳೆದಳು. ಬೆಳ್ಳಿಯ ಕುಂಕುಮದ ಭರಣಿ, ಕಪ್ಪಾಗಿತ್ತು. ಅವ್ವ ಅದನ್ನು ಸೆರಗಿನಿಂದ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು. "ಅಮರವ್ವನ ಭರಣಿ" ಅಂದಳು, ಅದು ಅಮರಮ್ಮನದೇ ಆಗಿದ್ದ ಹಾಗೆ. ನನಗೆ ಭರಣಿಯನ್ನು ಗೋಡೆಗೆ ಎಸೆಯಬೇಕೆನಿಸಿತು.

"ಅದು ಬ್ಯಾರೆ ಮಾತು. ಉಂಗುರ ಎಲ್ಲಿ?" ಅಂದರು ಅಕ್ಕೋರು, ಸ್ವಲ್ಪ ಸಣ್ಣ ದನಿಯಲ್ಲಿ.

ಉಳಿದದ್ದು ತಲೆಬಾಗಿಲು. ಹೊಸ್ತಿಲ ಬಲತುದಿಯಲ್ಲಿ ಕೋಲು ಇಟ್ಟೆನೋ ಇಲ್ಲವೋ, ಮನೆಯಲ್ಲೆಲ್ಲೂ ಕೂಗದಷ್ಟು ಜೋರಾಗಿ ಕೂಗಿತು. ಸಾವ್ಕಾರರು ನಕ್ಕುಬಿಟ್ಟರು. "ಅದು ಕೂಗಲೇಬೇಕಲ್ಲ! ಹೊಸ್ತಲ ಕೂಡಸೋ ಮುಂದ ಅಡಿಯಾಗ ಪಂಚಲೋಹ ಇಟ್ಟೀನಿ, ಅರ್ಧ ತೊಲಿ ಬಂಗಾರ ಇಟ್ಟೀನಿ. ಗೇಣು ದಪ್ಪನ ಸಾಗವಾನಿ ತೊಲಿ, ಒಂದು ಮೊಳಿ ಸೈತ ಬಡದಿಲ್ಲ. ಎಲ್ಲಾರ ಮನಿ ಹೊಸ್ತಲನೂ ಕೂಗತದ, ಮುಂದ ನಡಿ."

ನಮ್ಮ ಕಡೆ ಹೊಸ್ತಿಲ ಅಡಿಯಲ್ಲಿ ಏನಾದರೂ ಇಡದ ಮನೆಯಿಲ್ಲ. ನಮ್ಮ ಗುಡಿಸಲಿನ ಹೊಸ್ತಿಲ ಅಡಿಯಲ್ಲೂ ಅಪ್ಪ ಇಟ್ಟ ತಾಮ್ರದ ಬಿಲ್ಲೆ ಇದೆ. ಹೌದಲ್ಲ ಅಂದುಕೊಂಡೆ, ಮುಂದೆ ನಡೆದೆ. ಕತ್ತೆ ನಾನು.

ಮನೆಯೆಲ್ಲಾ ಮುಗಿಯಿತು, ಉಂಗುರ ಸಿಗಲಿಲ್ಲ. ಸಾವ್ಕಾರರು ಮೇಜಿನ ಮೇಲಿದ್ದ ಹೊಸ ಕರ್ಪೂರದ ಪ್ಯಾಕೆಟ್ ತೋರಿಸಿದರು. "ನಾಳಿ ಹತ್ತಕ್ಕ ಗುಡಿಗೆ ಬಾ ಕರೆಮ್ಮ."

ಅವ್ವ ಹಿತ್ತಲಲ್ಲಿ ಮುಸುರೆ ಬಾನಿಯ ಪಕ್ಕ ಕುಳಿತಳು. ನನಗೆ ನೀರು ಕೊಟ್ಟು, "ನೀ ಅಷ್ಟು ದೂರದಿಂದ ಬಂದಿ, ಸಾಕು ಬಿಡವ್ವ" ಅಂದಳು. ಅವಳು ನನ್ನನ್ನು ಸಮಾಧಾನ ಮಾಡುವುದನ್ನು ನೋಡಿ ಕಣ್ಣು ತುಂಬಿತು. ನೀರಿನ ಚೊಂಬನ್ನು ಬಾನಿಯ ಕಟ್ಟೆ ಮೇಲಿಟ್ಟೆ. ಕೈಯಲ್ಲಿದ್ದ ಕೋಲು ಚೊಂಬಿಗೆ ಹತ್ತಿರವಾದಾಗ ಕೂಗಿತು. ಸ್ವಲ್ಪ ದೂರ ಸರಿಸಿದೆ, ಸುಮ್ಮನಾಯಿತು. ಮತ್ತೆ ಹತ್ತಿರ, ಮತ್ತೆ ದೂರ. ನಾಲ್ಕು ಬೆರಳು.

ನಾಲ್ಕು ಬೆರಳು! ಗೇಣು ದಪ್ಪದ ತೊಲೆಯ ಅಡಿಯಲ್ಲಿ ಇರುವುದು ಈ ಕಿವುಡ ಕೋಲಿಗೆ ಹೇಗೆ ಕೇಳಿಸೀತು? ಹೊಸ್ತಿಲ ಅಡಿಯಲ್ಲಿ ಇದ್ದದ್ದಕ್ಕೆ ಅದು ಕೂಗಿದ್ದಲ್ಲ. ಹೊಸ್ತಿಲ ಮೈಯಲ್ಲೇ ಏನೋ ಇದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದ ಹಾಗಾಗಿತ್ತು.

ಅವ್ವನ ಕೈ ಹಿಡಿದು ಪಡಸಾಲೆಗೆ ಎಳೆದುಕೊಂಡು ಹೋದೆ. ಕೋಲಿನ ಕಿವುಡುತನವನ್ನು ಸಾವ್ಕಾರರಿಗೆ ಚೊಂಬು ಇಟ್ಟು ತೋರಿಸಿದೆ. ಮಷಿನ್ ಬಲ್ಲ ಮನುಷ್ಯ, ತಕ್ಷಣ ಅರ್ಥವಾಯಿತು. ಮುಖ ಮಾತ್ರ ಯಾಕೋ ಸಣ್ಣದಾಯಿತು. "ಹೊಸ್ತಲ ಕೆರೀಬಾರದು, ಅದು ಲಕ್ಷ್ಮಿ" ಅಂದರು.

"ಕೆರೆಯೋದು ಬ್ಯಾಡ್ರಿ, ಅರಿಷಿಣ ತೆಗದ್ರ ಸಾಕು. ಹಚ್ಚಿದೋರೇ ತೆಗೀಲಿ" ಅಂದಳು ಅವ್ವ.

ಅಕ್ಕೋರು ಕೂತು, ಒದ್ದೆ ಬಟ್ಟೆಯಿಂದ ಬಲತುದಿಯ ಅರಿಷಿಣ ಒರೆಸಿದರು. ಮರಕ್ಕೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಮೇಣ ತುಂಬಿತ್ತು, ಅದರೊಳಗೆ ಒತ್ತಿ ಕೂತ ವಿಭೂತಿಯ ಮೂರು ಬೆರಳ ಗುರುತು. ಆ ಮನೆಯಲ್ಲಿ ಹಾಗೆ ವಿಭೂತಿ ಹಚ್ಚುವವಳು ಶರಣಮ್ಮ ಒಬ್ಬಳೇ. ಅಕ್ಕೋರು ತಲೆಯ ಪಿನ್ನು ತೆಗೆದು ಮೇಣ ಕಿತ್ತರು. ಉಂಗುರದ ಬಸವಣ್ಣ ಒಳಗಿನಿಂದ ಮಿಣ್ಣಗೆ ಕಣ್ಣು ಬಿಟ್ಟ.

"ನಮ್ಮತ್ತಿ ಯಾಕ ಇಟ್ಲು? ನೀವು ಪೂಜಾದಾಗ ಅರ್ಧ ತೊಲಿ ಇಟ್ಟೀರಲ್ಲ?" ಅಂತ ಅಕ್ಕೋರು ಗಂಡನ ಕಡೆ ತಿರುಗಿದರು.

ಸಾವ್ಕಾರರು ಫ್ಯಾನು ನೋಡತೊಡಗಿದರು. ಫ್ಯಾನು ತಿರುಗುತ್ತಿರಲಿಲ್ಲ.

"ಏನಿಟ್ಟಿದ್ರಿ?"

"ಮಣ್ಣಾಗ ಹೋಗೋದಕ್ಕ ಬಂಗಾರ ಯಾಕಂತ... ಹಿತ್ತಾಳಿ. ಅವ್ವಗ ಹೆಂಗ ಗೊತ್ತಾತೋ ಏನೋ."

ಅಕ್ಕೋರು ಉಂಗುರ ತೆಗೆಯಲು ಪಿನ್ನು ತೂರಿಸಿದರು. ಸಾವ್ಕಾರರೇ ಅವರ ಕೈ ಹಿಡಿದರು. "ಹೊಸ್ತಲಕ್ಕ ಕೊಟ್ಟಿದ್ದು ತಿರುಗಿ ತೆಗೀಬಾರದು." ಹಿತ್ತಾಳೆ ಇಟ್ಟವನಿಗೂ ಅಷ್ಟು ಅಂಜಿಕೆ ಇತ್ತು. ಅಕ್ಕೋರು ಒಲ್ಲದ ಮನಸ್ಸಿನಿಂದ ಮೇಣವನ್ನು ಮತ್ತೆ ಒತ್ತಿದರು. ಇನ್ನು ಮೇಲೆ ಅವರು ಆಸೆಪಟ್ಟ ಉಂಗುರದ ಮೇಲೆ ದಿನಾ ಬೆಳಿಗ್ಗೆ ತಾವೇ ಅರಿಷಿಣ ಬಳಿಯಬೇಕು.

"ಆತು ಬಿಡು ಕರೆಮ್ಮ, ನಾಳಿ ಗುಡಿಗೆ ಬರೋದು ಬ್ಯಾಡ. ಕೆಲಸಕ್ಕ ಬಾ" ಅಂದರು ಸಾವ್ಕಾರರು.

ಅವ್ವ ಮೇಜಿನ ಮೇಲಿನ ಕರ್ಪೂರದ ಪ್ಯಾಕೆಟ್ ತೆಗೆದುಕೊಂಡಳು, ಪಕ್ಕದಲ್ಲಿದ್ದ ಭರಣಿ ತೆಗೆದುಕೊಂಡಳು, ಎರಡನ್ನೂ ಸಾವ್ಕಾರರ ಕೈಯಲ್ಲಿಟ್ಟಳು. "ತಂದ ಕರ್ಪೂರ ಕೆಡಸಬ್ಯಾಡ್ರಿ. ನಾಳಿ ಹತ್ತಕ್ಕ ಅಮರವ್ವನ ಮನಿ ಮುಂದ ಹಚ್ರಿ. ಆಕಿ ಕದ್ದಿಲ್ಲಂತ ನೀವು ಆಣಿ ಮಾಡ್ರಿ. ಆಮ್ಯಾಲ ನಾನು ಕೆಲಸಕ್ಕ ಬರ್ತೀನಿ." ಹನ್ನೊಂದು ವರ್ಷದಲ್ಲಿ ಅವಳು ಆ ಮನೆಯಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಸಾವ್ಕಾರರು ಒಂದು ಕೈಯಲ್ಲಿ ಕರ್ಪೂರ, ಒಂದು ಕೈಯಲ್ಲಿ ಭರಣಿ ಹಿಡಿದು ಹೂಂ ಅಂದರು.

ನಾನು ರೂಢಿಯಂತೆ ಹಿತ್ತಲ ಕಡೆ ತಿರುಗಿದೆ. ಅವ್ವ ನನ್ನ ತೋಳು ಹಿಡಿದಳು. ಸೀರೆಯ ನಿರಿಗೆ ಸ್ವಲ್ಪ ಎತ್ತಿ, ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತುಳಿಯದೆ ದಾಟಿ ತಲೆಬಾಗಿಲಿನಿಂದ ಬೀದಿಗೆ ಇಳಿದಳು. ನಾನು ಅವಳ ಹಿಂದೆ ಹೊರಟು, ಹೊಸ್ತಿಲು ಮುಟ್ಟಲು ಬಲತುದಿಗೆ ಬಗ್ಗಿದೆ. ಕೋಲು ಆರಿಸುವುದು ಮರೆತಿತ್ತು. ಹೊಸ್ತಿಲ ಹತ್ತಿರ ಅದು ಓಣಿಗೆಲ್ಲಾ ಕೇಳುವ ಹಾಗೆ ಕೂಗಿತು, ಎದುರು ಮನೆಯವರು ಹೊರಬಂದು ನೋಡಿದರು, ಅವ್ವ ತಿರುಗಿ ನೋಡಲಿಲ್ಲ.