ಒಂದನೇ ನಂಬರಿನ ಡಬ್ಬ

ಚಪ್ಪಲಿ ಅಂಗಡಿಯವರ ಮನೆಯಲ್ಲಿ ಹುಟ್ಟಿದವರು ತೆರೆದ ಡಬ್ಬ ಕಂಡರೆ ಸುಮ್ಮನಿರಲಾರರು. ಕೈ ತಾನಾಗಿಯೇ ಹೋಗಿ, ಹೊರಗಿದ್ದದ್ದನ್ನು ಒಳಗಿಟ್ಟು ಮುಚ್ಚಳ ಹಾಕಿಬಿಡುತ್ತದೆ. ಮನೆಯವರೆಲ್ಲ ಪಟಾಕಿ ಎಂದೇ ಕರೆಯುವ ಕಿರಿಮಗನಿಗೂ ಈ ಚಟ ಇತ್ತು. ಮುಚ್ಚಲು ಬಾರದಿದ್ದದ್ದು ಬಾಯಿ ಮಾತ್ರ.

ಅಂದು ಸಂಜೆ ಅವನು ಅಕ್ಕನ ಬೆನ್ನು ಹತ್ತಿ ಪುಸ್ತಕದಂಗಡಿಗೆ ಹೋಗಿದ್ದ. ಅಕ್ಕ ಬಿಸಿನೆಸ್ ಸ್ಕೂಲಿನ ಎಂಟ್ರೆನ್ಸ್ ಪರೀಕ್ಷೆ ಬರೆಯಬೇಕಿತ್ತು. ಉಳಿದದ್ದೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಗಣಿತ ಎಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು.

ಅಂಗಡಿಯಾತ ಅಭ್ಯಾಸ ಪುಸ್ತಕಗಳ ಮೂರು ಡಬ್ಬ ತೆರೆದು ಹರಡಿದ. ಒಂದನೇ ನಂಬರ್ ಹೊಸಬರಿಗೆ, ಎರಡನೆಯದು ಪಳಗಿದವರಿಗೆ, ಮೂರನೆಯದು ಗಟ್ಟಿಗರಿಗೆ. ಡಬ್ಬ ಬೇರೆ ಬೇರೆ, ಒಳಗಿನ ಪುಸ್ತಕಗಳಿಗೆಲ್ಲ ಒಂದೇ ನೀಲಿ ಹೊದಿಕೆ.

"ಮೂರನೇದು ಕೊಡಿ ಅಣ್ಣ!" ಎಂದ ಪಟಾಕಿ. "ನಮ್ಮಕ್ಕ ಎಂಟ್ರಿ ಕೊಟ್ರೆ ಎಕ್ಸು ವೈ ಎಲ್ಲಾ ಕೈ ಮುಗಿದು ತಮ್ಮ ಬೆಲೆ ತಾವೇ ಒಪ್ಪಿಸ್ತವೆ!"

"ಸುಮ್ನೆ ನಿಂತ್ಕೊಳ್ಳೋ ಪುಂಡ! ಕಾಲು ನೋಡ್ಕೊಂಡು ಚಪ್ಪಲಿ ತಗೋಬೇಕು. ನಂಗೆ ಒಂದನೇದೇ ಸಾಕು."

ಅಕ್ಕ ದುಡ್ಡು ಕೊಡಲು ತಿರುಗಿದಳು. ಪಟಾಕಿ ಡೈಲಾಗು ಹೊಡೆಯುತ್ತಲೇ ಇದ್ದ. ಕೈ ತನ್ನ ಪಾಡಿಗೆ ಪುಸ್ತಕಗಳನ್ನು ಡಬ್ಬಕ್ಕೆ ಸೇರಿಸಿ ಮುಚ್ಚುತ್ತಿತ್ತು.

ವಾರದೊಳಗೆ ಅಕ್ಕನ ಮುಖ ಬಾಡಿತು. ಮಾಡಿದ ಲೆಕ್ಕಗಳಲ್ಲಿ ಅರ್ಧಕ್ಕರ್ಧ ತಪ್ಪು.

"ಹೊಸಬರ ಲೆಕ್ಕವೇ ಬರ್ಲಿಲ್ಲ ಅಂದ್ಮೇಲೆ ಇನ್ನೇನಮ್ಮ? ಅರ್ಜಿಗೆ ಇವತ್ತೇ ಕೊನೇ ದಿನ. ನಾನು ಹಾಕಲ್ಲ. ಗಲ್ಲಾದಲ್ಲೇ ಕೂತ್ಕೋತೀನಿ ಬಿಡು."

"ಅಕ್ಕಾ, ಇಂಟರ್ವಲ್‌ಗೆ ಮುಂಚೆ ಹೀರೋಯಿನ್ ಸೋಲ್ಲೇಬೇಕು ಕಣೆ," ಎಂದ ಪಟಾಕಿ. "ಇಲ್ದಿದ್ರೆ ಜನ ಎದ್ದು ಮನೆಗೆ ಹೋಗ್ತಾರೆ."

ಅವನ ಹಳಸಲು ಜೋಕಿಗೂ ನಗುತ್ತಿದ್ದ ಅಕ್ಕ ಇಂದು ನಗಲಿಲ್ಲ. ಪಟಾಕಿ ಠುಸ್ಸಾದ.

ಅಮ್ಮ ಮೇಜು ಒರೆಸಲು ನಿಂತಳು. ಪುಸ್ತಕವನ್ನು ಡಬ್ಬಕ್ಕೆ ಹಾಕುವ ಮೊದಲು, ಚಪ್ಪಲಿ ಅಂಗಡಿಯ ರೂಢಿಯಂತೆ, ಒಳಗಿನ ನಂಬರ್ ನೋಡಿದಳು. ಹೊದಿಕೆಯ ಒಳಮೂಲೆಯಲ್ಲಿ ಅದು ಸಣ್ಣಗೆ ಇತ್ತು.

"ಯಾವನೋ ಇದು ಜೋಡಿ ತಪ್ಪಿಸ್ದೋನು? ಡಬ್ಬದ ಮೇಲೆ ಒಂದು, ಒಳಗೆ ಮೂರು!"

ಇಬ್ಬರೂ ಪಟಾಕಿಯತ್ತ ತಿರುಗಿದರು. ಅವನ ಕೈಗಳು ಮೆಲ್ಲಗೆ ಬೆನ್ನ ಹಿಂದೆ ಸರಿದವು.

"ಕೈ ಮಾಡಿದ ತಪ್ಪಿಗೆ ಬೆನ್ನಿಗೆ ಶಿಕ್ಷೆ ಕೊಡಬೇಡಿ ಸ್ವಾಮಿ!"

ಅಕ್ಕ ಪುಸ್ತಕ ಕಿತ್ತುಕೊಂಡು ಹಾಳೆ ತಿರುವಿದಳು. "ತಡಿ ತಡಿ. ಅಂದ್ರೆ ಗಟ್ಟಿಗರ ಲೆಕ್ಕದಲ್ಲಿ ನಂಗೆ ಅರ್ಧ ಸರಿ ಬಂದಿದ್ಯಾ?"

"ನಾಳೆ ಹೋಗಿ ಬದಲಾಯಿಸ್ಕೊಂಡು ಬಾ," ಎಂದಳು ಅಮ್ಮ.

"ಬೇಡಮ್ಮ. ಸ್ವಲ್ಪ ಕಚ್ತಾ ಇದೆ ಅಷ್ಟೆ. ಹಾಕ್ತಾ ಹಾಕ್ತಾ ಸರಿಹೋಗತ್ತೆ." ಅಕ್ಕ ಆಗಲೇ ಫೋನಿನಲ್ಲಿ ಅರ್ಜಿ ತೆರೆದಿದ್ದಳು.

ಪಟಾಕಿಗೆ ಧೈರ್ಯ ಮರಳಿತು. "ಅಕ್ಕಾ, ಆ ಮೂರನೇ ಡಬ್ಬ ಯಾರಾದ್ರೂ ತಗೊಂಡಿದ್ರೆ, ನಾನೇ ಜೀನಿಯಸ್ ಅಂತ ಮೀಸೆ ತಿರುವ್ತಾ ಕೂತಿರ್ತಾರೆ!"

"ನಗ್ತೀಯಲ್ಲೋ, ಓಡು! ಮೊದ್ಲು ಪುಸ್ತಕದಂಗಡಿಯವರಿಗೆ ಹೇಳು!" ಎಂದು ಅಮ್ಮ ಒರೆಸುವ ಬಟ್ಟೆ ಬೀಸಿದಳು.

ಅವನು ಬೀದಿಗೆ ಇಳಿದಿದ್ದನಷ್ಟೆ, ಕಿಟಕಿಯಿಂದ ಅಕ್ಕನ ಕೂಗು ಕೇಳಿತು:

"ಲೋ ಪಟಾಕಿ, ಅರ್ಜಿ ಹೋಯ್ತು ಕಣೋ!"

ಪಟಾಕಿ ನಡುಬೀದಿಯಲ್ಲೇ ನಿಂತು, ಮೊದಲ ದಿನದ ಮೊದಲ ಆಟಕ್ಕೆ ಹೊಡೆಯುವಂಥ ಶಿಳ್ಳೆ ಹೊಡೆದ.