ಕುರಿ ಸೂಜಿ

"ಸ್ಟಿರಾಯ್ಡ್ ಏನರ ತಗೊಂಡೀರೇನು? ಗುಳಿಗಿ, ಇಂಜೆಕ್ಷನ್, ಯಾವುದರ?" ಡಾಕ್ಟರ್ ರೇವತಿ ಮೂರನೆಯ ಸಲ ಕೇಳಿದರು.

"ಇಲ್ರೀ ಮೇಡಂ," ಅಮೋಘಸಿದ್ದ ಮೂರನೆಯ ಸಲವೂ ಅಷ್ಟೇ ಗಟ್ಟಿಯಾಗಿ ಹೇಳಿದ. "ಕುಡಿಯೋ ಚಟಾನೂ ಇಲ್ರಿ."

ಪಕ್ಕದಲ್ಲಿ ಹೆಂಡತಿ ಶೇಖಮ್ಮ ನಿಂತಿದ್ದಳು. ಎರಡನೆಯ ಮಾತು ಖರೆ. ಮೊದಲನೆಯದು ಹಸಿ ಸುಳ್ಳು, ಅದರಲ್ಲಿ ಅವಳದೂ ಪಾಲಿತ್ತು.

ವನದುರ್ಗದಿಂದ ಯಾದಗಿರಿಯ ಈ ದವಾಖಾನೆಗೆ ಅವರು ಬಂದದ್ದು ಇದು ಎರಡನೆಯ ಸಲ. ಬೆಳಗಿನಿಂದ ಸಂಜೆತನಕ ಕುರಿ ಹಿಂದೆ ತಿರುಗಿದರೂ ದಣಿಯದ ಮನುಷ್ಯ ಈಗ ಊಟಕ್ಕೆ ನೆಲದ ಮೇಲೆ ಕೂರಲಾರ, ಕುಕ್ಕರಗಾಲಲ್ಲಿ ಕೂತು ಕುರಿ ಹಾಲು ಹಿಂಡಲಾರ. ವಯಸ್ಸೇನು ಮಹಾ, ನಲವತ್ತೂ ತುಂಬಿಲ್ಲ.

ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದರು. "ಚಪ್ಪಿ ಕೀಲಿನೊಳಗ, ತೊಡಿ ಎಲುಬಿನ ಈ ದುಂಡನ ತುದಿಗೆ ರಕ್ತ ಹೋಗೋದು ನಿಂತದ. ಎಲುಬು ಒಳಗಿಂದೊಳಗೇ ಸಾಯಲಿಕ್ಕತ್ತದ. ಪುಣ್ಯಾ, ಇನ್ನೂ ಕುಸಿದಿಲ್ಲ. ಸಣ್ಣ ತೂತು ಕೊರೀತೀವಿ. ನಿಮ್ಮ ಸೊಂಟದ ಎಲುಬಿನ್ಯಾಗಿಂದ ಮಜ್ಜಿ ತಗದು, ಅದರಾಗಿನ ಜೀವಕೋಶ ಅಲ್ಲಿ ತುಂಬತೀವಿ. ಹೊಸ ಎಲುಬು ಬೆಳೀಬಹುದು. ಖಾತ್ರಿ ಅಂತ ಹೇಳಂಗಿಲ್ಲ. ಕುಸಿದುಬಿಟ್ಟರ ಮಾತ್ರ ಕೀಲೇ ತಗದು ಲೋಹದ್ದು ಕೂಡಿಸಬೇಕಾಗ್ತದ."

"ನಂದಽ ಎಲುಬು ನನಗ ಹಾಕ್ತೀರಿ ಅಂದ್ರ ಛಲೋ ಆತಲ್ರಿ," ಅಮೋಘಸಿದ್ದ ನಕ್ಕ. "ಕುರಿ ಹಿಂದ ಯಾವಾಗ ಹೋಗಬೌದ್ರಿ?"

"ಆರು ವಾರ ಆ ಕಾಲು ನೆಲಕ್ಕ ಊರಂಗಿಲ್ಲ. ಮುಂದಿಂದು ಮುಂದ."

ಅವನ ನಗು ಅಲ್ಲಿಗೇ ನಿಂತಿತು.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ ಟಗರೊಂದು ಉಸಿರು ಎಳೆಯುತ್ತ ಬಿದ್ದಿತ್ತು. ದನದ ದವಾಖಾನೆಯಿಂದ ತಂದ ಸೂಜಿ ಚುಚ್ಚಿದ; ಸಂಜೆಗೆಲ್ಲ ಎದ್ದು ಮೇಯತೊಡಗಿತು. ಕುರಿ ಕಾಯುವವರು ಸೂಜಿ ಹಾಕುವುದನ್ನು ತಾವೇ ಕಲಿತಿರುತ್ತಾರೆ, ಅದರಲ್ಲೂ ಅಮೋಘಸಿದ್ದನ ಕೈ ಬಲು ಹಗುರ. ಆಗ ಅವನಿಗೂ ಬೆನ್ನು ನೋವು. 'ಕುರಿಗೆ ಹತ್ತಿದ್ದು ನನಗ್ಯಾಕ ಹತ್ತಂಗಿಲ್ಲ?' ಎಂದು ತೊಡೆಗೆ ಚುಚ್ಚಿಕೊಂಡೇ ಬಿಟ್ಟ. ಅಬ್ಬಾ, ಮರುದಿನ ಏನು ಓಟ! ಆಮೇಲೆ ವಾರಕ್ಕೆ ಎರಡು ಸಲ, ತಪ್ಪದಂತೆ.

ಹೋದ ತಿಂಗಳು, ಯಾದಗಿರಿಗೆ ಮೊದಲ ಸಲ ಬಂದು ಹೋದ ಮೇಲೆ, ದನದ ದವಾಖಾನೆಯ ನೀಲಕಂಠ ಆ ಬಾಟಲಿ ಓದಿ, "ಇದೂ ಸ್ಟಿರಾಯ್ಡಽ ಐತಲ್ಲೋ" ಅಂದಿದ್ದ. ಮನೆಗೆ ಬಂದವನೇ ಅಮೋಘಸಿದ್ದ ಹೆಂಡತಿಯ ಅಂಗೈಗೆ ದೇವರ ಭಂಡಾರದ ಅರಿಶಿನ ಸುರಿದ. "ಬೀರಪ್ಪನ ಆಣಿ ಐತಿ, ಬಾಯಿ ಬಿಟ್ಟೀಯ. ಕುರಿ ಸೂಜಿ ಚುಚ್ಚಿಕೊಂಡಾನಂತ ಊರೆಲ್ಲ ನಗತೈತಿ." ಆ ಅರಿಶಿನ ಹಿಡಿದು ಆಣೆ ಮುರಿದವರ ಮನೆ ಉಳಿಯುವುದಿಲ್ಲವೆಂದು ಶೇಖಮ್ಮ ಹುಟ್ಟಿದಾಗಿನಿಂದ ಕೇಳಿದವಳು.

ಡಾಕ್ಟರು ಪೆನ್ನು ಮುಚ್ಚುತ್ತ ಅಂದರು: "ಮತ್ತ ಮತ್ತ ಯಾಕ ಕೇಳತೀನಂದ್ರ, ಬಹಳ ದಿನ ತಗೊಂಡು ಮುಚ್ಚಿಟ್ಟವರಿಗೆ ಆಪರೇಷನ್ ನಡೆದಾಗಲೇ ಬಿಪಿ ಪೂರಾ ಇಳಿದುಬಿಡಬಹುದು. ಜೀವಕ್ಕೇ ಅಪಾಯ."

ಅಮೋಘಸಿದ್ದ ಬಾಗಿಲ ಕಡೆ ನೋಡಿದ. ಶೇಖಮ್ಮ ಭಂಡಾರ ಹಿಡಿದಿದ್ದ ಅಂಗೈಯನ್ನು ಸೀರೆಗೆ ಒರೆಸಿದಳು. ಹೇಳಿದರೆ ದೇವರು ಬಿಡುವುದಿಲ್ಲ, ಹೇಳದಿದ್ದರೆ ಗಂಡ ಉಳಿಯುವುದಿಲ್ಲ. ಎಲ್ಲಿ ಸಿಕ್ಕಿಹಾಕಿಸಿದೆಯೋ ಬೀರಪ್ಪಾ!

"ಚುಚ್ಚಿಕೊಂಡಾನ್ರೀ ಅಕ್ಕಾರ!" ಮಾತು ತಾನಾಗಿ ಹೊರಬಿತ್ತು. "ಕುರೀದು. ಎರಡು ವರ್ಷಾತ್ರಿ."

"ಏ, ಬಾಯಿ ಮುಚ್ಚಲೇ!" ಅಮೋಘಸಿದ್ದ ಏಳಲು ಹೋಗಿ, ಚಪ್ಪೆ ಹಿಡಿದುಕೊಂಡು ಮತ್ತೆ ಕೂತ.

ಡಾಕ್ಟರು ನಗಲಿಲ್ಲ. ಕಾಗದದ ಮೇಲೆ ಬರೆದುಕೊಂಡರು. ರಕ್ತ ಪರೀಕ್ಷೆಯಾಗಬೇಕು, ಆಪರೇಷನ್ ಎರಡು ವಾರ ಮುಂದಕ್ಕೆ ಎಂದರು. ಅರಿವಳಿಕೆ ಕೊಡುವವರಿಗೆ ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ಔಷಧ ಕೊಡುತ್ತಾರಂತೆ, ಹೆದರಬೇಕಾಗಿಲ್ಲವಂತೆ.

ಆ ಎರಡು ವಾರ ಅವನು ಅವಳ ಜೊತೆ ಒಂದು ಮಾತೂ ಆಡಲಿಲ್ಲ. ರೊಟ್ಟಿ ಬೇಕಾದರೆ ಗೋಡೆಗೆ ಹೇಳುತ್ತಿದ್ದ. ಆಡಲಿ ಬಿಡಲಿ, ಜೀವಂತ ಇರಲಿ ಸಾಕು ಎಂದುಕೊಂಡರೂ ಶೇಖಮ್ಮನಿಗೆ ಅಳು ಬರುತ್ತಿತ್ತು.

ಆಪರೇಷನ್ ದಿನ ಹಸಿರು ಅಂಗಿ ತೊಡಿಸಿ ಅವನನ್ನು ಗಾಲಿ ಮಂಚದ ಮೇಲೆ ಮಲಗಿಸಿದರು. ಕೋಣೆಯ ಬಾಗಿಲು ತೆರೆಯಿತು. ಅಷ್ಟರಲ್ಲಿ ಅಮೋಘಸಿದ್ದ ಮಂಚದ ಕಬ್ಬಿಣದ ಅಂಚನ್ನು ಗಪ್ಪನೆ ಹಿಡಿದುಕೊಂಡ.

"ಮೇಡಂ, ಒಂದೀಟು ತಡೀರಿ. ನಾನು ಒಳಗ ಏನರ ಆಗಿ ಹೋದ್ರ ಯಾರಿಗೂ ಗೊತ್ತಾಗಂಗಿಲ್ಲ." ಅವನು ಕೈ ಬಿಡಲಿಲ್ಲ. "ನನಗೊಬ್ಬನಿಗೇ ಅಲ್ರಿ. ಬ್ಯಾನಿ ಅಂತ ಬಂದೋರಿಗೆಲ್ಲ ಚುಚ್ಚೇನಿ. ಒಳ್ಳೇದಾಗತೈತಂತ ಚುಚ್ಚೇನ್ರಿ, ದೇವರಾಣಿ."

"ಯಾರ‍್ಯಾರಿಗೆ?"

"ನಮ್ಮ ತಮ್ಮ ಅಂಬ್ರಪ್ಪಗ. ದೋಸ್ತ ಮೈನುದ್ದೀನಗ. ಸೋದರಮಾವ ಬಸವಂತ್ರಾಯಗ." ಎರಡು ವಾರದಲ್ಲಿ ಮೊದಲ ಸಲ ಹೆಂಡತಿಯ ಮುಖ ನೋಡಿದ. "ಇಕಿಗೂ. ನಡು ಹಿಡದಿತ್ತು. ತಾಕತ್ತಿನ ಸೂಜಿ ಅಂತ ಹೇಳಿದ್ದೆ. ಒಂದು ವರ್ಷಾ."

ಡಾಕ್ಟರು ಅವಳತ್ತ ತಿರುಗಿದರು. "ಇಲ್ಲೇ ಇರ್ರಿ ಅವ್ವಾ. ಬಂದು ನೋಡ್ತೀನಿ," ಅಂದರು. ಗಾಲಿಗಳು ಒಳಗೆ ಹೋದವು, ಬಾಗಿಲು ಮುಚ್ಚಿತು.

"ಕೂಡ್ರಿ ಅಕ್ಕಾ, ಎರಡು ತಾಸು ಹಿಡೀತದ," ನರ್ಸು ಬೆಂಚು ತೋರಿಸಿದಳು.

ಶೇಖಮ್ಮ ಕೂರಲಿಲ್ಲ. ಒಂದು ಕೈ ಚಪ್ಪೆಯ ಮೇಲಿಟ್ಟುಕೊಂಡು ಬಲಗಾಲು ಮುಂದಿಟ್ಟಳು, ಭಾರ ಬಿಟ್ಟು ನೋಯುತ್ತದೆಯೇ ಎಂದು ನೋಡಿದಳು. ಆಮೇಲೆ ಎಡಗಾಲು. ಹಾಗೇ ಪಡಸಾಲೆಯ ಆ ತುದಿಯ ಕಿಟಕಿಯವರೆಗೂ ನಡೆದಳು. ತಿರುಗಿ ನಿಂತಳು, ಮತ್ತೆ ಬಲಗಾಲು ಮುಂದಿಟ್ಟಳು.