ತಮ್ಮಯ್ಯನ ಮಿಂಚುಪಟ್ಟಿ

ಅನುಪಮಾ ಟೀಚರು ಎರಡನೇ ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಕಟ್ಟು ಮಿಂಚುಪಟ್ಟಿ ಕೊಟ್ಟು ಕಳಿಸಿದ್ದರು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಒಂದೊಂದೇ ಪದ: ಅಮ್ಮ, ಮನೆ, ಬಂದಳು, ಅಲ್ಲಿ. ಮಗು ಅಕ್ಷರ ಬಿಡಿಸುತ್ತ ಕೂರದೆ, ಪರಿಚಯದವರ ಮುಖ ಗುರುತಿಸಿದಂತೆ ಪದವನ್ನು ಕಂಡೊಡನೆ ಹೇಳಬೇಕು. ಆಗ ಓದು ಎಡವುವುದಿಲ್ಲ ಎಂಬುದು ಅವರ ವಿಚಾರ.

ಹಿರೇನಲ್ಲೂರು ಹೋಬಳಿಯ ತಮ್ಮಯ್ಯ ಮೊಮ್ಮಗಳು ಸ್ಫೂರ್ತಿಗೆ ಇದನ್ನು ಕಲಿಸುವ ಹೊಣೆ ಹೊತ್ತ. ಮಗನಿಗೆ ತಾಳ್ಮೆಯಿಲ್ಲ, ಸೊಸೆಗೆ ಪುರುಸೊತ್ತಿಲ್ಲ, ತನಗೆ ಎರಡೂ ಇವೆ ಎಂದು ಅವನ ನಂಬಿಕೆ. ಬೆಳಗ್ಗೆ ಹೆಂಡತಿ ಸುಲೋಚನಮ್ಮ ಹಾಲು ಕರೆಯುವಾಗ ಇವನು ಗೋದಲಿಯ ಕಟ್ಟೆ ಮೇಲೆ ಕೂತು ಪಟ್ಟಿ ತೋರಿಸುತ್ತಿದ್ದ. ಕೆಲವೇ ದಿನಗಳಲ್ಲಿ ಸ್ಫೂರ್ತಿ ಪಟ್ಟಿ ಪೂರ್ತಿ ಮೇಲೇಳುವ ಮೊದಲೇ ಪದ ಹೇಳತೊಡಗಿದಳು. ಅದು ತಮ್ಮಯ್ಯನಿಗೆ ಅನುಮಾನ ತರಬೇಕಿತ್ತು, ಹೆಮ್ಮೆ ತಂದಿತು.

ಹೆಮ್ಮೆಯನ್ನು ಅವನು ಹಾಲಿನ ಜೊತೆಗೇ ಡೈರಿಗೆ ಒಯ್ದ. ಊರಲ್ಲಿ ಮಾನ ಏರುವುದೂ ಇಳಿಯುವುದೂ ಆ ಕ್ಯೂನಲ್ಲೇ.

"ನಮ್ ಸ್ಫೂರ್ತಿ ಓದೋದ್ ನೋಡ್ಬೇಕು ಕಣ್ರೀ. ಟೀಚರಮ್ಮನೇ ಹಿಂದೆ ಬೀಳ್ತಾರೆ!"

ಡೈರಿಯ ಕಾರ್ಯದರ್ಶಿ ಅಂಜಿನಪ್ಪ ಕ್ಯಾನಿನಿಂದ ತಲೆ ಎತ್ತಿದ. "ಲೇ ತಮ್ಮಯ್ಯ, ಬಾಯಲ್ ಹೇಳಿದ್ರೆ ಆಗಲ್ಲ ಕಣೋ. ನಾಳೆ ಕರ್ಕಂಡ್ ಬಾ. ಫ್ಯಾಟ್ ಎಷ್ಟೈತೆ ನೋಡಾನ."

ಮರುದಿನ ಅಂಜಿನಪ್ಪ ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಅವೇ ಪದಗಳನ್ನು ತಾನೇ ಬರೆದು ಕಾಯುತ್ತಿದ್ದ. ಮೊದಲ ಹಾಳೆ ಹಿಡಿದ. ಸ್ಫೂರ್ತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದ್ಯಾವ್ದು ತಾತ?"

"ಅಮ್ಮ ಕಣೇ! ದಿನಾ ಹೇಳ್ತೀಯಲ್ಲ!"

"ಅಮ್ಮ ಅಲ್ಲ. ಅಮ್ಮನ್ ಮೂಲೆ ಕರು ತಿಂದೈತೆ."

"ಇದು?" ಅಂಜಿನಪ್ಪ ಇನ್ನೊಂದು ಹಾಳೆ ಎತ್ತಿ ಕೇಳಿದ. "ಮನೆ ಅಲ್ವೇನವ್ವ?"

"ಮನೆ ಮೇಲೆ ಸಾರ್ ಚೆಲ್ಲೈತೆ. ಇದ್ರಲ್ಲಿಲ್ಲ."

ಕ್ಯೂ ನಕ್ಕಿತು. "ಬರೀ ನೀರು ಕಣೋ!" ಎಂದು ಅಂಜಿನಪ್ಪ ತೀರ್ಪು ಕೊಟ್ಟ. ಮನೆಯಲ್ಲಿ ಸುಲೋಚನಮ್ಮ, "ಕರುವಿಗಾದ್ರೂ ಎಲ್ಡಕ್ಷರ ಹೊಟ್ಟೆಗ್ ಹೋಯ್ತು ಬಿಡ್ರೀ" ಎಂದಳು.

ತಮ್ಮಯ್ಯ ಸ್ಕೂಲಿಗೆ ಹೋಗಿ ನಡೆದದ್ದನ್ನು ಹೇಳಿಕೊಂಡ. ಅನುಪಮಾ ಟೀಚರು ಮೊದಲು ಮನಸಾರೆ ನಕ್ಕರು. ಆಮೇಲೆ, "ಗುರುತು ಹಿಡಿಯೋದನ್ನ ಚೆನ್ನಾಗೇ ಕಲ್ತಿದಾಳೆ ತಮ್ಮಯ್ಯನವ್ರೇ. ಅವಳು ಹಿಡಿದಿದ್ದು ಪದದ ಗುರುತಲ್ಲ, ರಟ್ಟಿಂದು, ಅಷ್ಟೆ. ಅದೇ ಪದ ಬೇರೆ ಬೇರೆ ಕಡೆ ಸಿಗ್ಲಿ. ಗೋಡೆ ಮೇಲೆ, ಪೇಪರಲ್ಲಿ, ಅಂಗಡಿ ಬೋರ್ಡಲ್ಲಿ," ಎಂದರು.

ಅಂದಿನಿಂದ ಸೀಮೆಸುಣ್ಣ ತಮ್ಮಯ್ಯನ ಜೇಬು ಸೇರಿತು. ಬಾಗಿಲಿಗೆ, ತೊಟ್ಟಿಗೆ, ಬಿದ್ದ ತೆಂಗಿನ ಮಟ್ಟೆಗೆ ಪದ ಏರಿದವು. ಕಡಲೆಕಾಯಿ ಕಟ್ಟಿದ ಪೇಪರನ್ನು ಓದದೆ ಎಸೆಯುವಂತಿರಲಿಲ್ಲ. ಸ್ಫೂರ್ತಿ ಮೊದಮೊದಲು ತಡವರಿಸಿದಳು, ಮುನಿದಳು, ಕಡಲೆಕಾಯಿಯಷ್ಟೇ ತಿಂದು ಓಡಿದಳು. ಅವಳಿಗೆ ನಿಜವಾಗಿ ಓದು ಹತ್ತೀತೇ ಎಂಬ ದಿಗಿಲಿನಲ್ಲಿ ತಮ್ಮಯ್ಯ ಡೈರಿಯಲ್ಲಿ ಬಾಯಿಯೇ ಬಿಡಲಿಲ್ಲ.

ಬೇಸಿಗೆ ರಜೆಯಲ್ಲಿ ಒಂದು ದಿನ ಇಬ್ಬರೂ ಕಡೂರಿನ ಬಸ್ ಹತ್ತಿದರು. ಬಸ್ಸಿನ ತುಂಬ ಹೆಂಗಸರು. ತಮ್ಮಯ್ಯ ಮುನ್ನುಗ್ಗಿ ಒಂದು ಸೀಟು ಹಿಡಿದು, ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡ. ಸ್ಫೂರ್ತಿ ಕಿಟಕಿಯ ಮೇಲಕ್ಕೆ ಕಣ್ಣು ಹಾಯಿಸಿದಳು.

"ತಾತ, ಏಳು."

"ಯಾಕವ್ವ?"

"ಮಹಿಳೆಯರಿಗೆ ಅಂತ ಬರ್ದೈತೆ. ನೀನ್ ಏಳು. ನಾನೂ ಅಲ್ ನಿಂತಿರೋ ಅಜ್ಜೀನೂ ಕೂತ್ಕತೀವಿ."

ಎಲ್ಲೂ ತಡೆಯಲಿಲ್ಲ, ಅಕ್ಷರ ಬಿಡಿಸಲಿಲ್ಲ. ಆ ಬರಹದ ಕೆಳಗೆ ವರ್ಷಗಟ್ಟಲೆ ಓದು ಬಾರದವನಂತೆ ಕೂತು ಬಂದಿದ್ದ ತಮ್ಮಯ್ಯ ಥಟ್ಟನೆ ಎದ್ದು ನಿಂತ. ಅಕ್ಕಪಕ್ಕದ ಹೆಂಗಸರು ನಗುತ್ತಿದ್ದರೆ ಅವನ ನಗು ಅವರದಕ್ಕಿಂತ ಅಗಲವಾಗಿತ್ತು.

"ಹಿರಿಯರಿಗೆ ಅಂತ ಎಲ್ಲಾದ್ರೂ ಬರ್ದೈತಾ ನೋಡವ್ವ," ಎಂದ ಕಂಬಿ ಹಿಡಿದು.

ಸ್ಫೂರ್ತಿ ಕತ್ತು ಚಾಚಿ ನೋಡಿದಳು. "ಐತೆ. ಅಲ್ಲೊಬ್ ಅಣ್ಣ ಮೊಬೈಲ್ ನೋಡ್ತಾ ಕೂತವ್ನೆ. ಅವನ್ಗೂ ಓದ್ ಹೇಳ್ಲಾ?"

"ಹೇಳವ್ವ," ಎಂದ ತಮ್ಮಯ್ಯ. "ಬಸ್ಸಿಗೆಲ್ಲ ಕೇಳಂಗ್ ಹೇಳು."